ಕಾಫಿ ಗೋದಾಮಿನಲ್ಲಿ ಸೈಕಲ್ ರೋಲರ್: ಮೂರು ಪೈಪು, ಎಂಟು ಬೇರಿಂಗು, ಒಂದು ಮೊಣಕೈ

ಮೊದಲೇ ಹೇಳಿಬಿಡುತ್ತೇನೆ, ರೋಲರ್, ಅಂದರೆ ನಿಂತಲ್ಲೇ ಸೈಕಲ್ ತುಳಿಯುವ ಸಾಧನ, ತಿರುಗುತ್ತಿದೆ. ಏಳು ವಾರ ಹಿಡಿಯಿತು. ಲೇತಿನ (ಕಡೆಯುವ ಯಂತ್ರದ) ಖರ್ಚು ಉಳಿಸಲು ಹೋಗದಿದ್ದರೆ ಮೂರು ವಾರದಲ್ಲಿ ಮುಗಿಯುತ್ತಿತ್ತು.

ನಾವು ನಾಲ್ಕು ಜನ. ನಾನು, ನನ್ನ ಭಾವ, ಹೈಸ್ಕೂಲಿನ ಪಿಟಿ ಮೇಷ್ಟ್ರು, ಮತ್ತೆ ಸುಂಟಿಕೊಪ್ಪದ ಒಬ್ಬ ವೈರಿಂಗ್ ಹುಡುಗ. ಶನಿವಾರ, ಭಾನುವಾರ ಬಂತೆಂದರೆ ಸೈಕಲ್. ನವೆಂಬರಿನಲ್ಲಿ 200 ಕಿ.ಮೀ. ಬ್ರೆವೆ (ಗಡುವಿನೊಳಗೆ ಮುಗಿಸುವ ದೂರದ ಸೈಕಲ್ ಸವಾರಿ) ಹೊಡೆಯಬೇಕು ಅಂತ ಎಲ್ಲರದೂ ಹಟ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಅಷ್ಟೇ. ಮೇ ತನಕ ಪ್ರತಿ ಭಾನುವಾರ ಕುಶಾಲನಗರದಿಂದ ಹೊರಟು ಆನೆಕಾಡು, ಏಳನೇ ಹೊಸಕೋಟೆ, ಸುಂಟಿಕೊಪ್ಪ, ಬೋಯಿಕೇರಿ ದಾಟಿ ಮಡಿಕೇರಿ ಹತ್ತುತ್ತಿದ್ದೆವು. ಜೂನ್ ಬಂದಮೇಲೆ ಆಟ ಮುಗಿಯಿತು. ಮಳೆಗೆ ಹೆದರಿ ಅಲ್ಲ, ಮಳೆಯಲ್ಲೇ ಹುಟ್ಟಿದವರು ನಾವು. ಆದರೆ ಬೆಳಗ್ಗೆ ಏಳು ಗಂಟೆಗೂ ಲೈಟ್ ಹಾಕಿಕೊಂಡು ಬರುವ ಲಾರಿ, ಮಂಜು, ನೀರು ತುಂಬಿ ಆಳ ಗೊತ್ತಾಗದ ಹೊಂಡ, ಇವೆಲ್ಲ ಒಟ್ಟಿಗೆ ಬಂದರೆ ಮನೆಯಲ್ಲಿ ಬಿಡುವುದಿಲ್ಲ. 2018ರ ಆಗಸ್ಟಿನ ಭೂಕುಸಿತ ನೋಡಿದ ಮೇಲೆ ಸಂಪಾಜೆ ಘಾಟಿ ಕಡೆ ಮಳೆಗಾಲದಲ್ಲಿ ಸುಮ್ನೆ ಹೋಗುವ ಮಾತೇ ಇಲ್ಲ. ಕಳೆದ ವರ್ಷ ಹೀಗೇ ಮೂರು ತಿಂಗಳು ಕೂತು, ಸೆಪ್ಟೆಂಬರಿನಲ್ಲಿ ಮತ್ತೆ ಒಂದರಿಂದ ಶುರು ಮಾಡಿ, ಬ್ರೆವೆಯಲ್ಲಿ 140 ಕಿ.ಮೀ.ಗೆ ಕಾಲು ಕೈಕೊಟ್ಟುಬಿಟ್ಟಿತು.

ಈ ಸಲ ಮಳೆಗಾಲದಲ್ಲಿ ಒಳಗೇ ತುಳಿಯೋಣ ಅಂತಾಯಿತು. ಅದಕ್ಕೆ ಕರೆಂಟಿನ ಟ್ರೇನರ್ ಬೇಡ. ಜುಲೈಯಲ್ಲಿ ತೋಟದ ಲೈನಿಗೆ ಮರ ಬಿದ್ದರೆ ನಾಲ್ಕು ದಿನ ಕರೆಂಟು ಇರುವುದಿಲ್ಲ. ರೋಲರ್ ಆದರೆ ಮೂರು ಡ್ರಮ್ಮು, ಒಂದು ಫ್ರೇಮು. ಹಿಂದಿನ ಚಕ್ರ ಎರಡು ಡ್ರಮ್ಮಿನ ನಡುವೆ, ಮುಂದಿನ ಚಕ್ರ ಒಂದರ ಮೇಲೆ. ಸೈಕಲನ್ನು ಯಾವುದೂ ಹಿಡಿದುಕೊಂಡಿರುವುದಿಲ್ಲ, ಬ್ಯಾಲೆನ್ಸ್ ನಮ್ಮದೇ. ಮಾಡುವುದು ಸುಲಭ ಅನ್ನಿಸಿತು. ಗೋದಾಮು ಹೇಗೂ ಖಾಲಿ, ಕಾಫಿ ಎಲ್ಲ ಯಾವಾಗಲೋ ಮಾರಿ ಆಗಿದೆ.

ಜೂನ್ 14, ಶನಿವಾರ. ಮಳೆ 1 ಇಂಚು 60 ಸೆಂಟ್ (ನೂರು ಸೆಂಟಿಗೆ ಒಂದು ಇಂಚು).

ಅಳತೆಯ ದಿನ. ಸೈಕಲನ್ನು ಗೋದಾಮಿನ ಸಿಮೆಂಟು ನೆಲದ ಮೇಲೆ ನೇರವಾಗಿ ಹಿಡಿಯಲು ಭಾವನಿಗೆ ಹೇಳಿ, ಎರಡೂ ಚಕ್ರದ ಆಕ್ಸಲಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು, ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ. ನಡುವೆ ಸರಿಯಾಗಿ 1,000 ಮಿ.ಮೀ. ಹಿಂದಿನ ಎರಡು ಡ್ರಮ್ಮಿನ ನಡುವೆ 250 ಮಿ.ಮೀ. ಇಟ್ಟು, ಹಿಂದಿನ ಆಕ್ಸಲ್ ಅವೆರಡರ ಸರಿಮಧ್ಯ ಬರುವ ಹಾಗೆ. ಮುಂದಿನ ಡ್ರಮ್ಮು ಮುಂದಿನ ಆಕ್ಸಲಿಗಿಂತ 25 ಮಿ.ಮೀ. ಮುಂದೆ. ಹಿಂದೆ ಹೋದರೆ ಸೈಕಲ್ ಮುಂದಕ್ಕೆ ಜಾರಿ ಇಳಿದುಬಿಡುತ್ತದೆ. ಹಾಗೆ ಲೆಕ್ಕ ಹಾಕಿದರೆ ನಡುವಿನ ಡ್ರಮ್ಮಿನಿಂದ ಮುಂದಿನದಕ್ಕೆ 900 ಮಿ.ಮೀ.

ನನ್ನ ತಪ್ಪು ಇಲ್ಲೇ ಶುರು. ಅಳೆದದ್ದು ನನ್ನ ಸೈಕಲ್ ಒಂದನ್ನೇ. ಉಳಿದ ಮೂರು ಸೈಕಲ್ ಅಳೆಯಬೇಕು ಅಂತ ತಲೆಗೆ ಬರಲಿಲ್ಲ.

ಜೂನ್ 15, ಭಾನುವಾರ.

ಅಟ್ಟದಲ್ಲಿ ಬಚ್ಚಲಿನ ನೀರು ಹೋಗುವ 110 ಮಿ.ಮೀ. ಪೈಪು ಉಳಿದಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ, ಅದು ಆಗುವುದಿಲ್ಲ. ಪ್ಲಂಬರ್ ಒಬ್ಬರ ಹತ್ತಿರ ದಪ್ಪದ ಪ್ರೆಶರ್ ಪೈಪಿನ ತುಂಡು ಸಿಕ್ಕಿತು, ಒಂದೂವರೆ ಮೀಟರ್, 600 ರೂಪಾಯಿ. 400 ಮಿ.ಮೀ.ನ ಮೂರು ತುಂಡು ಮಾಡಿದೆ. ಹ್ಯಾಕ್ಸಾ ಬ್ಲೇಡಿನಲ್ಲಿ ಪೈಪು ಕೊಯ್ಯುವಾಗ ಓರೆ ಹೋಗುವುದು ಸಾಮಾನ್ಯ. ಅದಕ್ಕೆ ಪೇಪರಿನ ನೇರ ಅಂಚನ್ನು ಪೈಪಿಗೆ ಬಿಗಿಯಾಗಿ ಸುತ್ತಿ, ಅಂಚಿಗೆ ಅಂಚು ಕೂಡುವ ಹಾಗೆ ಮಾಡಿ ಗೆರೆ ಎಳೆದರೆ ಸಾಕು. ಇದೊಂದು ಕೆಲಸ ಮೊದಲ ಸಲಕ್ಕೇ ಸರಿಯಾಯಿತು.

ಪೈಪಿನ ಎರಡೂ ಬಾಯಿಗೆ ಗುಂಡು ಬಿಲ್ಲೆ ಬೇಕು, ಬಿಲ್ಲೆಯ ನಡುವೆ ಬೇರಿಂಗ್. ಒಟ್ಟು ಆರು ಬಿಲ್ಲೆ. ಮೇಷ್ಟ್ರು ಅವತ್ತೇ ಹೇಳಿದರು, "ಲೇತಿಗೆ ಕೊಡಿ ಮಾರಾಯ್ರೆ." ನಾನು ಕೇಳಲಿಲ್ಲ. ಹೋದ ವರ್ಷದ ಗಾಳಿಗೆ ಬಿದ್ದ ಸಿಲ್ವರ್ ಓಕ್ ಹಲಗೆ ಮಾಡಿಸಿ ಇಟ್ಟಿದ್ದೆ. ಒಂದಿಂಚು ದಪ್ಪ, ಬಿಟ್ಟಿ ಮರ. ಒಣಗಿದೆ ಅಂದುಕೊಂಡೆ. ಕೊಡಗಿನಲ್ಲಿ ಜೂನಿನಲ್ಲಿ ಒಣಗಿದ ಮರ ಅಂತ ಒಂದು ಇರುತ್ತದೆಯೇ?

ಜೂನ್ 21, ಶನಿವಾರ. ಮಳೆ 2 ಇಂಚು 10 ಸೆಂಟ್.

6202 ಬೇರಿಂಗ್ ಆರು ತಂದೆ, ಒಂದಕ್ಕೆ 90 ರೂಪಾಯಿ. ಒಳಗಿನ ತೂತು 15 ಮಿ.ಮೀ., ಹೊರಗೆ 35, ದಪ್ಪ 11. ಆಕ್ಸಲಿಗೆ 15 ಮಿ.ಮೀ. ಬ್ರೈಟ್ ಬಾರ್ (ನಯವಾದ ಸ್ಟೀಲ್ ಸರಳು), 480 ಮಿ.ಮೀ.ನಂತೆ ಮೂರು ತುಂಡು, 250 ರೂಪಾಯಿ.

ಬಿಲ್ಲೆಗೆ 35ರ ಹೋಲ್ ಸಾ ಹಾಕಿ ತೂತು ಮಾಡಿ, ಬೇರಿಂಗನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿದೆ. ಹೊಡೆದದ್ದು ಒಳಗಿನ ರಿಂಗಿಗೆ. ಎರಡು ಬೇರಿಂಗ್ ತಿರುಗಿಸಿದರೆ ಒಳಗೆ ಮರಳು ಇದ್ದ ಹಾಗೆ ಕರಕರ. ಗುಂಡುಗಳು ಕೂತ ಜಾಗದಲ್ಲಿ ಗುಳಿ ಬಿದ್ದಿದೆ, ಇನ್ನು ಅದು ಸರಿಹೋಗುವುದಿಲ್ಲ. 180 ರೂಪಾಯಿ ನೀರಿಗೆ. ಉಳಿದ ನಾಲ್ಕಕ್ಕೆ ಹೊರರಿಂಗಿನ ಮೇಲೆ ಮಾತ್ರ ಕೂರುವ ಹಳೇ ಸಾಕೆಟ್ ಒಂದನ್ನು ಹುಡುಕಿ, ಬೆಂಚ್ ವೈಸಿನಲ್ಲಿ ನಿಧಾನ ಒತ್ತಿದೆ. ಬೆಣ್ಣೆಯ ಹಾಗೆ ಹೋಯಿತು.

ಬಿಲ್ಲೆ ಪೈಪಿನೊಳಗೆ ಹೋಗಲು ಒಂದು ಕೂದಲೆಳೆ ದಪ್ಪ. ಬಿಸಿನೀರಿನಲ್ಲಿ ಪೈಪು ಮೆತ್ತಗಾಗುತ್ತದೆ ಅಂತ ಗೊತ್ತಿತ್ತು. ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿತ್ತು, ಪೈಪಿನ ತುದಿ ಅದ್ದಿದೆ, ಅಷ್ಟರಲ್ಲಿ ಫೋನು ಬಂತು. ಐದು ನಿಮಿಷ ಬಿಟ್ಟು ತೆಗೆದರೆ ಪೈಪಿನ ಬಾಯಿ ಕಡುಬಿನ ಹಿಟ್ಟಿನ ಹಾಗೆ. ಬಿಲ್ಲೆ ಸುಲಭದಲ್ಲಿ ಹೋಯಿತು, ಆದರೆ ತಣಿದ ಮೇಲೆ ಪೈಪು ಮೊಟ್ಟೆ ಆಕಾರ. ವರ್ನಿಯರಿನಲ್ಲಿ ಅಡ್ಡ, ಉದ್ದ ಅಳೆದರೆ 3 ಮಿ.ಮೀ. ವ್ಯತ್ಯಾಸ. ಮುಂದಿನ ಪೈಪುಗಳಿಗೆ ಒಂದೇ ಇಂಚು ಅದ್ದಿ, ಒಂದೇ ನಿಮಿಷ ಹಿಡಿದೆ. ಅವು ಸರಿ ಬಂದವು.

ಜೂನ್ 28, ಶನಿವಾರ. ವಾರಪೂರ್ತಿ ಮಳೆ.

ಒಂದು ವಾರ ಗೋದಾಮಿನ ಬಾಗಿಲು ತೆರೆದಿರಲಿಲ್ಲ. ಹೋಗಿ ನೋಡಿದರೆ ಸಿಲ್ವರ್ ಓಕ್ ನೀರು ಕುಡಿದು ಊದಿಕೊಂಡಿದೆ. ಮೊಟ್ಟೆ ಆಕಾರದ್ದು ಹೇಗೂ ಕೆಟ್ಟಿತ್ತು. ಇನ್ನೊಂದು ಪೈಪು ಬಾಯಿಯಿಂದ ಅರ್ಧ ಅಡಿ ಉದ್ದ ಸೀಳಿದೆ. ಮೂರನೆಯದರಲ್ಲಿ ಮರ ಬೇರಿಂಗನ್ನು ಎಷ್ಟು ಬಿಗಿಯಾಗಿ ಅಮುಕಿದೆ ಎಂದರೆ ಕೈಯಲ್ಲಿ ತಿರುಗಿಸಲು ಆಗುತ್ತಿಲ್ಲ. ಬಿಲ್ಲೆಯ ಮೇಲೆ ಬಿಳೀ ಬೂಸ್ಟು ಬೇರೆ.

ಭಾವ ಬಂದು ನೋಡಿ ಏನೂ ಹೇಳಲಿಲ್ಲ. ಆರು ಬಿಲ್ಲೆಯನ್ನೂ ಎತ್ತಿ ಹಂಡೆಯ ಒಲೆಯ ಪಕ್ಕ ಸೌದೆ ಜೊತೆ ಜೋಡಿಸಿ ಇಟ್ಟ.

ಜುಲೈ 4, ಶುಕ್ರವಾರ.

ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶ. ಕಾಫಿ ಕ್ಯೂರಿಂಗ್ ವರ್ಕ್ಸುಗಳ ನಡುವೆ ಒಂದು ಸಣ್ಣ ಲೇತ್ ಶಾಪು. ಇನ್ನೊಂದು ಮೀಟರ್ ಪೈಪು ಕೊಂಡಿದ್ದೆ, 400 ರೂಪಾಯಿ. ಬೇರಿಂಗ್ ಎರಡು ಹೊಸದು. ಪೂರ್ತಿ ಕಥೆ ಹೇಳಿದೆ. ಟರ್ನರ್ ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟು ಸ್ಪೀಡಲ್ಲಿ ತುಳಿತೀರಿ ಸಾರ್?"

30 ಕಿ.ಮೀ. ಅಂದೆ. ಸುತ್ತಳತೆಯಿಂದ ಅಲ್ಲೇ ಭಾಗಿಸಿ ನೋಡಿದರು. ಡ್ರಮ್ಮು ನಿಮಿಷಕ್ಕೆ 1,450 ಸುತ್ತು ಚಿಲ್ಲರೆ. "ನಿಮ್ಮ ಪಲ್ಪರ್ ಮೋಟರ್ ಎಷ್ಟು? 1,440 ಅಲ್ವಾ? ಅದರ ಶಾಫ್ಟಿಗೆ ಮರದ ಬಿಲ್ಲೆ ಹಾಕ್ತೀರಾ?" ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ.

ಆಗ ಅರ್ಥವಾಯಿತು. ನಾನು ಇದನ್ನು ಸೈಕಲ್ ಸಾಮಾನು ಅಂದುಕೊಂಡಿದ್ದೆ. ಅದು ಮೋಟರ್ ವೇಗದಲ್ಲಿ ತಿರುಗುವ ಯಂತ್ರ.

ಅವರು ಮಾಡಿದ ರೀತಿ ಬರೆದಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ನೈಲಾನ್ ರಾಡಿನಿಂದ 30 ಮಿ.ಮೀ. ದಪ್ಪದ ಬಿಲ್ಲೆ ಆರು. ಪ್ರತಿ ಬಿಲ್ಲೆಗೂ ಒಂದು ಮೆಟ್ಟಿಲು, ಒಂದು ಭಾಗ ಪೈಪಿನೊಳಗೆ ಬಿಗಿಯಾಗಿ ಹೋಗುತ್ತದೆ, ಉಳಿದದ್ದು ಹೊರಗೆ ನಿಲ್ಲುತ್ತದೆ. ಸುತ್ತ ನಾಲ್ಕು ಸ್ಕ್ರೂ, ತಲೆ ಮೇಲೆ ಬರದ ಹಾಗೆ ಕೌಂಟರ್ ಹಾಕಿ. ನಡುವಿನ ಡ್ರಮ್ಮು, ಮುಂದಿನ ಡ್ರಮ್ಮು ಎರಡಕ್ಕೂ ಒಂದೊಂದು ಬಿಲ್ಲೆಯ ಹೊರಭಾಗದಲ್ಲಿ ಬೆಲ್ಟ್ ಕೂರುವ ತೋಡು, ತಳದ ವ್ಯಾಸ 90 ಮಿ.ಮೀ. ಎಲ್ಲಾ ಜೋಡಿಸಿದ ಮೇಲೆ ಇಡೀ ಡ್ರಮ್ಮನ್ನು ಲೇತಿಗೆ ಹಾಕಿ ಹೊರಮೈಯನ್ನು ಅರ್ಧ ಮಿ.ಮೀ. ಸವರಿದರು. ಇದೇ ಮುಖ್ಯ. ಪೈಪು ಕಾರ್ಖಾನೆಯಿಂದಲೇ ಪೂರ್ತಿ ಗುಂಡಾಗಿ ಬಂದಿರುವುದಿಲ್ಲ, ಜೋಡಿಸಿದ ಮೇಲೆ ಸವರಿದರೆ ಮಾತ್ರ ಔಟ್ (ತಿರುಗುವಾಗಿನ ಓಲಾಟ) ಹೋಗುತ್ತದೆ. ನೈಲಾನ್, ಕೂಲಿ ಎಲ್ಲ ಸೇರಿ 2,000 ರೂಪಾಯಿ.

ಜುಲೈ 5, ಶನಿವಾರ.

ಫ್ರೇಮಿಗೆ ಹಳೇ ಡ್ರೈಯಿಂಗ್ ಟ್ರೇ ಇಡುತ್ತಿದ್ದ ಸ್ಟ್ಯಾಂಡಿನ ಆಂಗಲ್. ಉದ್ದ 1,350 ಮಿ.ಮೀ., ಸುಂಟಿಕೊಪ್ಪದಲ್ಲಿ ವೆಲ್ಡಿಂಗ್ 400 ರೂಪಾಯಿ. ಆಕ್ಸಲ್ ಕೂರಲು ಗ್ರೈಂಡರಿನಲ್ಲಿ ಸೀಳು ಹಾಕಿದೆ, ತುದಿಗೆ ಸ್ಪ್ಲಿಟ್ ಪಿನ್. ತೊಂದರೆ ಏನೂ ಆಗಲಿಲ್ಲ.

ಮೂರನೇ ಡ್ರಮ್ಮು ಮಾತ್ರ ಗುಂಯ್ ಅನ್ನುತ್ತಿತ್ತು. ಕೈಯಲ್ಲಿ ತಿರುಗಿಸಿ ಬಿಟ್ಟರೆ ಐದರಲ್ಲಿ ನಾಲ್ಕು ಸಲ ಅದೇ ಬದಿ ಕೆಳಗೆ ಬಂದು ನಿಲ್ಲುತ್ತದೆ, ಅಂದರೆ ಆ ಬದಿ ಭಾರ. ಎದುರು ಬದಿಗೆ ಎಂ-ಸೀಲ್ ಉಂಡೆ ಮೆತ್ತಿದೆ, ಕರಿಮೆಣಸು ತೂಗುವ ತಕ್ಕಡಿಯಲ್ಲಿ 12 ಗ್ರಾಂ. ನೈಲಾನಿಗೆ ಅದು ಹಿಡಿಯುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ವೈರಿಂಗ್ ಹುಡುಗ ಡ್ರಿಲ್ಲಿನಲ್ಲಿ ಡ್ರಮ್ಮು ತಿರುಗಿಸಿ ನೋಡುವಾಗ ಉಂಡೆ ಹಾರಿ ತಗಡಿಗೆ ಢಣ್ ಅಂತ ಬಡಿಯಿತು. ಅವನ ಕಿವಿಯಿಂದ ಒಂದು ಗೇಣು ದೂರ. ಈಗ ಆ ಜಾಗದಲ್ಲಿ ಸಣ್ಣ ಸ್ಕ್ರೂ, ಅದರಡಿ ನಾಲ್ಕು ವಾಷರ್. ಬೇಕಾದರೆ ಒಂದು ಹಾಕಬಹುದು, ತೆಗೆಯಬಹುದು. ಮೊದಲೇ ಇದನ್ನು ಮಾಡಬೇಕಿತ್ತು.

ಜುಲೈ 6, ಭಾನುವಾರ. ಮೊಣಕೈ.

ಮುಂದಿನ ಡ್ರಮ್ಮು ತಿರುಗಲು ಬೆಲ್ಟ್ ಬೇಕು. ಹಿಂದಿನ ಚಕ್ರ ನಡುವಿನ ಡ್ರಮ್ಮನ್ನು ತಿರುಗಿಸುತ್ತದೆ, ಅದು ಬೆಲ್ಟಿನಿಂದ ಮುಂದಿನದನ್ನು. ಮುಂದಿನ ಚಕ್ರ ನಿಂತರೆ ಸವಾರ ಬಿದ್ದ ಹಾಗೆ. ಇದು ಗೊತ್ತಿದ್ದೂ ನಾನು ಹಾಕಿದ್ದು ಹೊಲಿಗೆ ಮೆಷಿನ್ನಿನ ಚರ್ಮದ ಬೆಲ್ಟ್. ಒಂದು ಸಾಲದೆ ಎರಡನ್ನು ತಂತಿ ಕೊಕ್ಕೆಯಲ್ಲಿ ಸೇರಿಸಿ. 120 ರೂಪಾಯಿ.

ಇನ್ನೊಂದು ದಡ್ಡತನ, ರೋಲರ್ ಇಟ್ಟದ್ದು ಗೋದಾಮಿನ ನಟ್ಟನಡುವೆ. ಗೋಡೆ ಪಕ್ಕ ಇಡಿ ಅಂತ ಮೇಷ್ಟ್ರು ಹೇಳಿದರು, ಇವರಿಗೇನು ಗೊತ್ತು ಅನ್ನಿಸಿತು. ಭಾವ ಸೀಟು ಹಿಡಿದುಕೊಂಡ, ನಾನು ಹತ್ತಿದೆ. ಮೊದಲ ಒಂದು ನಿಮಿಷ ಸೈಕಲ್ ಐಸಿನ ಮೇಲೆ ಇದ್ದ ಹಾಗೆ ಆ ಕಡೆ ಈ ಕಡೆ. ಮುಂದಿನ ಚಕ್ರ ನೋಡುವುದು ಬಿಟ್ಟು ಎದುರಿನ ಬಾಗಿಲ ಚಿಲಕ ನೋಡಲು ಶುರು ಮಾಡಿದ ಮೇಲೆ ಕೈ ತಾನೇ ಸಡಿಲವಾಯಿತು. "ಬಿಡ್ತೀನಿ ಭಾವ," ಅಂದ. "ಬಿಡು," ಅಂದೆ. ಎರಡು ನಿಮಿಷ ತುಳಿದೆ, ಟಿಕ್ ಟಿಕ್ ಅಂತ ಕೊಕ್ಕೆ ಪ್ರತಿ ಸುತ್ತಿಗೂ ತೋಡಿಗೆ ಬಡಿಯುವ ಸದ್ದು. ಆಮೇಲೆ ಆ ಸದ್ದು ನಿಂತಿತು. ಸದ್ದು ನಿಂತದ್ದು ಒಳ್ಳೆಯದು ಅಂದುಕೊಂಡೆ ನೋಡಿ.

ಬಲಕ್ಕೆ ಬಿದ್ದೆ. ಮೊಣಕೈ ಸಿಮೆಂಟಿಗೆ. ಮೂಳೆಗೆ ಏನೂ ಆಗಲಿಲ್ಲ, ಚರ್ಮ ಒಂದು ರೂಪಾಯಿ ನಾಣ್ಯದಷ್ಟು ಹೋಯಿತು, ಟಿಟಿ ಇಂಜೆಕ್ಷನ್. ಅಮ್ಮ ಕೇಳಿದ್ದು, "ನಿಂತಲ್ಲೇ ಇರುವ ಸೈಕಲಿನಿಂದ ಎಂತಕ್ಕೆ ಬೀಳುವುದು?" ಅದಕ್ಕೆ ಇವತ್ತಿಗೂ ಉತ್ತರ ಇಲ್ಲ.

ಈಗ ರೋಲರ್ ಗೋಡೆಗೆ ಒಂದು ಮೊಳ ದೂರದಲ್ಲಿದೆ. ಇನ್ನೊಂದು ಬದಿಗೆ ಖಾಲಿ ಗೋಣಿಚೀಲ ಸೊಂಟದೆತ್ತರಕ್ಕೆ ಪೇರಿಸಿದೆ. ಆಮೇಲೆ ಮೂರು ಜನ ಬಿದ್ದಿದ್ದಾರೆ, ಮೂವರೂ ಗೋಣಿಗೇ.

ಜುಲೈ 12, 13.

ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಗುಂಡು ಬೆಲ್ಟ್, 6 ಮಿ.ಮೀ., ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎರಡೂವರೆ ಮೀಟರಿಗೆ 150 ರೂಪಾಯಿ. ಬೆಲ್ಟು ಓಡುವ ದಾರಿ ಅಳೆದರೆ 2,100 ಮಿ.ಮೀ., ಎಳೆತ ಇರಲಿ ಅಂತ 5 ಪರ್ಸೆಂಟ್ ಕಡಿಮೆ ಹಿಡಿದು ಸುಮಾರು 2 ಮೀಟರ್ ಕತ್ತರಿಸಬೇಕು.

ಸೇರಿಸುವುದು ಬಿಸಿ ಮಾಡಿ. ತೆಳ್ಳಗಿನ ಸ್ಟೀಲ್ ತಗಡು ಕಾಯಿಸಿ, ಎರಡೂ ತುದಿಯನ್ನು ಅದರ ಎರಡು ಬದಿಗೆ ಒತ್ತಿ, ಕರಗಿದ ಕೂಡಲೇ ತಗಡು ಎಳೆದು, ತುದಿಗೆ ತುದಿ ಕೂಡಿಸಿ ಅಲ್ಲಾಡದೆ ಹಿಡಿಯಬೇಕು. ಮನೆಯಲ್ಲಿ ಸಿಕ್ಕ ತೆಳ್ಳಗಿನ ಸ್ಟೀಲ್ ಎಂದರೆ ದೋಸೆ ಸಟ್ಟುಗ. ಮೊದಲ ಸಲ ಕೆಂಪಗೆ ಕಾಯಿಸಿಬಿಟ್ಟೆ, ಬೆಲ್ಟು ಕಪ್ಪಾಗಿ ಗುಳ್ಳೆ ಎದ್ದಿತು, ಎಳೆದರೆ ಕಿತ್ತು ಬಂತು. ಎರಡನೇ ಸಲ ಕಾವು ಕಡಿಮೆ, ಹೊಗೆ ಬರದಷ್ಟು, ಕೂಡಿಸಿ ಒಂದು ನಿಮಿಷ ಹಿಡಿದು, ಹತ್ತು ನಿಮಿಷ ಮುಟ್ಟದೆ ಬಿಟ್ಟೆ. ಉಬ್ಬಿದ್ದನ್ನು ಬ್ಲೇಡಿನಲ್ಲಿ ಕೆರೆದೆ. ನಿಂತಿತು. ಸಟ್ಟುಗ ಹೊಸದು ತಂದುಕೊಡಬೇಕಾಯಿತು, ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಆ ಭಾನುವಾರ 20 ನಿಮಿಷ ತುಳಿದೆ. ತಗಡಿನ ಮೇಲೆ ಮಳೆ, ಕೆಳಗೆ ಡ್ರಮ್ಮಿನ ಸದ್ದು, ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುವುದಿಲ್ಲ. ಹೊರಗೆ ಚಳಿ, ಆದರೂ ಹತ್ತನೇ ನಿಮಿಷಕ್ಕೆ ಬೆವರು ಟಾಪ್ ಟ್ಯೂಬಿನ ಮೇಲೆ ತೊಟ್ಟಿಕ್ಕುತ್ತದೆ. ರೋಲರಿನಲ್ಲಿ ಇಳಿಜಾರು ಇಲ್ಲ. ತುಳಿಯುವುದು ಬಿಟ್ಟ ಕ್ಷಣ ಚಕ್ರ ನಿಲ್ಲುತ್ತದೆ, ಆದ್ದರಿಂದ ಮೈಗಳ್ಳತನಕ್ಕೆ ಜಾಗವೇ ಇಲ್ಲ.

ಜುಲೈ 19, 20.

ಈಗ ಜೂನ್ 14ರ ತಪ್ಪು ಎದುರಿಗೆ ಬಂತು. ಮೇಷ್ಟ್ರ ಹೈಬ್ರಿಡ್ ಸೈಕಲಿನ ಆಕ್ಸಲ್‌ನಿಂದ ಆಕ್ಸಲ್‌ಗೆ 1,050 ಮಿ.ಮೀ. ಅವರು ಹತ್ತಿದರೆ ಮುಂದಿನ ಚಕ್ರ ಡ್ರಮ್ಮಿನ ಮುಂದಕ್ಕೆ ಜಾರುತ್ತದೆ. ಮುಂದಿನ ಡ್ರಮ್ಮಿಗೆ 25 ಮಿ.ಮೀ. ಅಂತರದಲ್ಲಿ ಇನ್ನೂ ಎರಡು ಸೀಳು ಹಾಕಿದೆ. ಆದರೆ ಒಂದು ಸೀಳು ಮುಂದೆ ಹೋದರೆ ಬೆಲ್ಟ್ 50 ಮಿ.ಮೀ. ಹೆಚ್ಚು ಎಳೆಯಬೇಕು. ಎರಡನೇ ಸೀಳಿನ ತನಕ ಸರಿ. ಮೂರನೆಯದರಲ್ಲಿ ಬೆಲ್ಟು ವೀಣೆ ತಂತಿಯ ಹಾಗೆ. ಮೇಷ್ಟ್ರು ಮೂರನೆಯದರಲ್ಲೇ ತುಳಿಯುತ್ತಾರೆ.

ಭಾವನ ಎಂಟಿಬಿ (ಮೌಂಟನ್ ಬೈಕ್) ಟೈರು ಇದರ ಮೇಲೆ ಹಾಕಲೇಬಾರದು. ಗುಬ್ಬಿ ಗುಬ್ಬಿ ಟೈರು, ಸದ್ದಿಗೆ ಲೈನ್ ಮನೆಯಿಂದ ಕೆಲಸದವರು ಓಡಿ ಬಂದರು, ಜನರೇಟರ್ ಅಂದುಕೊಂಡು. ಹತ್ತು ನಿಮಿಷಕ್ಕೆ ಪೈಪಿನ ಮೇಲೆ ಕಪ್ಪು ಪಟ್ಟೆ, ಮುಟ್ಟಿದರೆ ಬಿಸಿ. ಈಗ ಅವನಿಗೆ ನನ್ನ ಸೈಕಲ್, ಸೀಟು ಎರಡು ಬೆರಳು ಇಳಿಸಿ. ನನ್ನ ಟೈರಿಗೂ 80 ಪಿಎಸ್‌ಐ ಇದ್ದದ್ದನ್ನು 100 ಮಾಡಿದೆ, ಬಿಸಿ ಕಡಿಮೆಯಾಯಿತು.

ಸರದಿ ಹೀಗೆ: ಒಬ್ಬರಿಗೆ 20 ನಿಮಿಷ. ಉಳಿದ ಮೂವರು ಸ್ಕಿಪ್ಪಿಂಗ್, ಇಲ್ಲವೇ ಗೋದಾಮಿನ ಮೆಟ್ಟಿಲು ಹತ್ತಿ ಇಳಿಯುವುದು. ಶನಿವಾರ ಸಂಜೆ ಎರಡು ಸುತ್ತು, ಭಾನುವಾರ ಬೆಳಗ್ಗೆ ಮೂರು. ವೈರಿಂಗ್ ಹುಡುಗ ಕೈಬಿಟ್ಟು ತುಳಿಯುವುದನ್ನೂ ಕಲಿತಿದ್ದಾನೆ. ನಾವು ಯಾರೂ ಕೇಳಿರಲಿಲ್ಲ.

ಖರ್ಚು

ಪೈಪು ಎರಡು ಸಲ ಸೇರಿ 1,000. ಬೇರಿಂಗ್ ಎಂಟು, 720. ಬ್ರೈಟ್ ಬಾರ್ 250. ನೈಲಾನ್, ಲೇತ್ 2,000. ವೆಲ್ಡಿಂಗ್ 400. ಹೊಲಿಗೆ ಮೆಷಿನ್ ಬೆಲ್ಟ್ 120. ಪಿಯು ಬೆಲ್ಟ್ 150. ಸ್ಕ್ರೂ, ವಾಷರ್, ಎಂ-ಸೀಲ್ 150. ಒಟ್ಟು 4,790 ರೂಪಾಯಿ. ಇದರಲ್ಲಿ 700 ರೂಪಾಯಿ ಶುದ್ಧ ದಂಡ, ನನ್ನ ತಲೆಯದ್ದು.

ಜುಲೈ 27, ಭಾನುವಾರ.

ಬೆಳಗ್ಗೆ ಎರಡು ಗಂಟೆ ಕಾಲ ಮಳೆ ಬಿಡುವು ಕೊಟ್ಟಿತು. ನಾಲ್ವರೂ ಮಡಿಕೇರಿ ಕಡೆ ಹತ್ತಿದೆವು. ಬೋಯಿಕೇರಿ ಏರಿನಲ್ಲಿ ಹಿಂದೆ ಬರುತ್ತಿದ್ದ ಮೇಷ್ಟ್ರು ಕೂಗಿದರು, "ಎಂತ ಮಾರಾಯ್ರೆ, ಹಾವಿನ ಹಾಗೆ ಹೋಗ್ತಿದ್ದವರು ಗೆರೆ ಎಳೆದ ಹಾಗೆ ಹೋಗ್ತಿದ್ದೀರಿ!" ವೇಗ ಜಾಸ್ತಿ ಏನೂ ಆಗಿಲ್ಲ. ಆದರೆ ರಸ್ತೆಯಂಚಿನ ಬಿಳಿ ಪಟ್ಟೆಯ ಮೇಲೆ ಬಿಡದೆ ಹೋಗಲು ಬರುತ್ತಿದೆ, ಲಾರಿ ಪಕ್ಕದಲ್ಲಿ ಹಾದುಹೋದರೂ. ಇಳಿದು ನೋಡಿದರೆ ಕಾಲುಚೀಲದೊಳಗೆ ಎರಡು ಜಿಗಣೆ.

ಆಗಸ್ಟ್ 2, ಶನಿವಾರ. ಮಳೆ 3 ಇಂಚು 20 ಸೆಂಟ್.

ಮೇಷ್ಟ್ರ ಸರದಿಯಲ್ಲಿ, ಮೂರನೇ ಸೀಳಿನಲ್ಲಿ, ಬೆಲ್ಟು ಜಾಯಿಂಟಿನಲ್ಲೇ ಬಿಟ್ಟುಕೊಂಡಿತು. ಅವರು ಗೋಣಿಗೆ ಬಿದ್ದು ಅಲ್ಲೇ ಮಲಗಿ ನಗುತ್ತಿದ್ದರು. ಮೂರನೇ ಸೀಳಿಗೆ ಅಂತಲೇ ಉದ್ದದ ಬೇರೆ ಬೆಲ್ಟ್ ಮಾಡಬೇಕು, 2 ಮೀಟರ್ 10 ಸೆಂ.ಮೀ., ಅದು ಸೋಮವಾರದ ಕೆಲಸ. ಸದ್ಯಕ್ಕೆ ಹಳೆಯದನ್ನೇ ಮತ್ತೆ ಕಾಯಿಸಿ ಕೂಡಿಸಿ ಮೊಳೆಗೆ ನೇತು ಹಾಕಿದ್ದೇನೆ. ಇನ್ನೊಂದು, ಆಕ್ಸಲ್ ತುದಿಗಳು ತುಕ್ಕು ಹಿಡಿಯುತ್ತಿವೆ, ವಾರಕ್ಕೊಮ್ಮೆ ಗ್ರೀಸ್ ಒರೆಸದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಬೇರಿಂಗು ಕಳಚಲು ಬರುವುದಿಲ್ಲ.

ನಾಳೆ ಆಟಿ ಹದಿನೆಂಟು, ಆಟಿ ತಿಂಗಳ ಹದಿನೆಂಟನೇ ದಿನ, ಕೊಡಗಿನಲ್ಲಿ ಮದ್ದುಸೊಪ್ಪು ತಿನ್ನುವ ದಿನ. ಮದ್ದುಸೊಪ್ಪಿನ ಪಾಯಸಕ್ಕೆ ಎಲ್ಲರೂ ಮನೆಗೇ ಬರುತ್ತಾರೆ. ಆರು ಗಂಟೆಗೆ ಮೊದಲು ಮೂರು ಸುತ್ತು ಮುಗಿಸಿ ಆಮೇಲೆ ತಿನ್ನುವುದು ಅಂತ ಮಾತಾಗಿದೆ. ಅಮ್ಮ ಒಂದೇ ಷರತ್ತು ಹಾಕಿದ್ದಾರೆ, ಸಟ್ಟುಗ ಮುಟ್ಟಬಾರದು.